ಸುಳಿವು ಹೇಳುವವನ ಮೌನ

“ಬುದ್ಧಿ, ಹೇಳಿದ ಮಾತು ಸುಳ್ಳಾದ ಮೇಲೆ ಬಾಯಿ ಮುಚ್ಚಿಕೊಂಡಿರುವುದೇ ಲೇಸಲ್ಲವೇ?” ಎಂದು ಶಿಷ್ಯ ಮುರಿಗಯ್ಯ ಗುರುಗಳನ್ನು ಕೇಳಿದ.

ವರ ಒಳ್ಳೆಯವನೆಂದು ಅವನು ಭರವಸೆ ಕೊಟ್ಟಿದ್ದ ಒಂದು ಮದುವೆ ವರ್ಷ ತುಂಬುವ ಮೊದಲೇ ಮುರಿದಿತ್ತು. ಹುಡುಗಿ ತವರಿಗೆ ಬಂದು ಕುಳಿತಿದ್ದಳು. ಅಂದಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ.

“ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಇನ್ನು ಯಾರಿಗೂ ಏನೂ ಹೇಳುವುದಿಲ್ಲವೆಂದು ವ್ರತ ಹಿಡಿಯುತ್ತೇನೆ. ಅಪ್ಪಣೆಯಾಗಬೇಕು.”

“ನಿನಗೂ ಬಂಗಾರದ ಆಸೆ ಬಂತೇ?” ಎಂದರು ಗುರುಗಳು. “ಆಗಲಿ, ಅಪ್ಪಣೆ ಆಮೇಲೆ. ಮೊದಲು ಒಂದು ಕತೆ ಕೇಳು. ಕುದುರೆ ಜೂಜಿನ ಕತೆ. ಮಠದಲ್ಲಿ ಕೂತ ಮುದುಕನಿಗೆ ಇದೆಲ್ಲ ಹೇಗೆ ಗೊತ್ತು ಎಂದು ಹುಬ್ಬೇರಿಸಬೇಡ. ಅಲ್ಲಿ ಸೋತವರೆಲ್ಲ ಕೊನೆಗೆ ಬರುವುದು ಇಲ್ಲಿಗೇ.”

ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಕುದುರೆ ಪಂದ್ಯ ನಡೆಯುತ್ತಿತ್ತು. ಅಲ್ಲಿ ಸುಳಿವು ಹೇಳುವವನೊಬ್ಬನಿದ್ದ. ಜೂಜಿನವರು ಅದಕ್ಕೆ ಟಿಪ್ಸ್ ಅನ್ನುತ್ತಾರೆ. ಓಟಕ್ಕೆ ಮುಂಚೆ ಕುದುರೆಗಳನ್ನು ಸುತ್ತು ನಡೆಸುತ್ತಾರಲ್ಲ, ಆಗ ಅವನು ಕಂಬಿಗೆ ಒರಗಿ ನಿಂತು ನೋಡುತ್ತಿದ್ದ. ಇಂಥದ್ದು ಗೆಲ್ಲುತ್ತದೆ ಎನ್ನುತ್ತಿದ್ದ. ಜನ ಅದರ ಮೇಲೆ ಬಾಜಿ ಕಟ್ಟುತ್ತಿದ್ದರು. ತಾನು ಮಾತ್ರ ಕಟ್ಟುತ್ತಿರಲಿಲ್ಲ. ಹೇಳುವವನು ಕಟ್ಟಬಾರದು ಎಂಬುದು ಅಲ್ಲಿನ ರೂಢಿ. ಅವನ ಮಾತನ್ನು ಎಲ್ಲರಿಗಿಂತ ಹೆಚ್ಚು ನಂಬಿದವನು ಒಬ್ಬ ಜಟಕಾ ಗಾಡಿಯವನು.

ಒಂದು ದಿನ ಸುಳಿವಿನವನು ಹೇಳಿದ ಕುದುರೆ ಒಂದೂ ಗೆಲ್ಲಲಿಲ್ಲ. ಜಟಕಾದವನು ಕೈಯಲ್ಲಿದ್ದುದನ್ನೆಲ್ಲ ಕಳೆದುಕೊಂಡು ಬೇಲಿಯ ಬಳಿ ಬಹಳ ಹೊತ್ತು ನಿಂತಿದ್ದ. ಸುಳಿವಿನವನು ಅವನತ್ತ ತಿರುಗದೆ ಮನೆಗೆ ನಡೆದ. ಸಂಜೆ ಜಗುಲಿಯ ಮೇಲೆ ಕುಳಿತು ದಿನವನ್ನು ನೆನೆದ. ಬಹಳ ನೊಂದುಕೊಂಡ, ಅದು ಮಾತ್ರ ನಿಜ. ಒಂದು ಕುದುರೆ ಹೊರಡುವಾಗಲೇ ತಡವರಿಸಿತು. ಇನ್ನೊಂದಕ್ಕೆ ಒದ್ದೆ ನೆಲ ಒಗ್ಗಲಿಲ್ಲ. ಮತ್ತೊಂದನ್ನು ಸವಾರನೇ ಲಗಾಮು ಬಿಗಿ ಹಿಡಿದು ಕೆಡಿಸಿದ. ಹೀಗೆ ಎಲ್ಲವನ್ನೂ ಮನಸ್ಸಿನಲ್ಲಿ ಮತ್ತೆ ಓಡಿಸಿ, ‘ನನ್ನ ಕಣ್ಣು ತಪ್ಪಿಲ್ಲ, ಬಾಯಿ ತೆರೆದದ್ದೇ ತಪ್ಪು’ ಎಂದು ತೀರ್ಮಾನಿಸಿದ. ಇನ್ನು ಹೇಳುವುದಿಲ್ಲ ಎಂದು ಆಣೆ ಹಾಕಿಕೊಂಡ. ಮನಸ್ಸು ಹಗುರಾಯಿತು. ಹೊಟ್ಟೆ ತುಂಬ ಉಂಡು ಮಲಗಿದ.

ಮುಂದಿನ ಪಂದ್ಯದ ದಿನ ಅವನು ಬಂದ, ಕಂಬಿಗೆ ಒರಗಿ ನಿಂತ, ತುಟಿ ಬಿಚ್ಚಲಿಲ್ಲ. ಆದರೆ ಜೂಜಿನ ಜನಕ್ಕೆ ಒಂದು ಗುಣವಿದೆ. ಹೇಳುವವನು ಸುಮ್ಮನಾದರೆ, ಗೆಲ್ಲುವ ಕುದುರೆಯನ್ನು ಬಚ್ಚಿಟ್ಟುಕೊಂಡಿದ್ದಾನೆ ಎಂದೇ ಅವರು ತಿಳಿಯುತ್ತಾರೆ. ಜಟಕಾದವನೂ ಹಾಗೇ ತಿಳಿದ. ಅವನು ಪಂದ್ಯದ ಮೈದಾನದ ಬಾಗಿಲಲ್ಲೇ ತನ್ನ ಗಾಡಿಯ ಕುದುರೆಯನ್ನು ಬಿಚ್ಚಿ ಮಾರಿ ಒಳಗೆ ಬಂದಿದ್ದ. ಹುಚ್ಚು ಎನ್ನುತ್ತೀಯಾ? ಹುಚ್ಚೇ. ಕಳೆದದ್ದನ್ನು ಕಳೆದ ಜಾಗದಲ್ಲೇ ಹುಡುಕುವುದು ಮನುಷ್ಯನ ಸ್ವಭಾವ. ಹುಟ್ಟಿದಾಗಿನಿಂದ ಕುದುರೆಯ ಜೊತೆ ಬಾಳಿದವನು ಅವನು; ಕುದುರೆಯನ್ನು ನೋಡಿದ್ದರೆ ಎಲ್ಲ ತಿಳಿಯುತ್ತಿತ್ತು. ಪಾಪ, ಅವನು ನೋಡುತ್ತಿದ್ದದ್ದು ಸುಳಿವಿನವನ ಮುಖವನ್ನು.

ಸುಳಿವಿನವನ ಕಣ್ಣು ಒಂದು ಕಂದು ಕುದುರೆಯ ಮೇಲೆ ನಿಂತಿತು. ಅದು ಮುಂಗಾಲು ಊರುವಾಗ ಅಳುಕುತ್ತಿತ್ತು. ನೋವಿರಬೇಕು ಎಂದು ಅವನಿಗೆ ಕನಿಕರವಾಯಿತು.

ಜಟಕಾದವನು ಹತ್ತಿರ ಬಂದು ಮೆಲ್ಲಗೆ ಕೇಳಿದ: “ಅಣ್ಣಾ, ಆ ಕಂದು ಕುದುರೆ ತಾನೇ? ಅಲ್ಲದಿದ್ದರೆ ಅಲ್ಲ ಅಂದುಬಿಡಿ. ನನ್ನ ಕುದುರೆ ಮಾರಿ ಬಂದಿದ್ದೇನೆ, ಇನ್ನೇನೂ ಉಳಿದಿಲ್ಲ.”

ಸುಳಿವಿನವನಿಗೆ ಆಣೆ ನೆನಪಾಯಿತು. ಅಲ್ಲ ಎನ್ನದೆ ಮುಖವನ್ನು ಬೇರೆ ಕಡೆ ತಿರುಗಿಸಿದ. ಜಟಕಾದವನು ಅದನ್ನೇ ಹೌದೆಂದು ತಿಳಿದು ಬಾಜಿ ಕಟ್ಟಲು ಓಡಿದ.

ಕಂದು ಕುದುರೆ ಕುಂಟುತ್ತ ಎಲ್ಲಕ್ಕಿಂತ ಹಿಂದೆ ಬಂತು.

ಜಟಕಾದವನು ಜಗಳ ತೆಗೆಯಲಿಲ್ಲ. “ಅದರ ಕಾಲು ನೋಯುತ್ತಿದ್ದುದು ನಿಮಗೆ ಗೊತ್ತಿತ್ತಾ ಅಣ್ಣಾ?” ಎಂದು ಕೇಳಿದ.

“ಗೊತ್ತಿತ್ತು. ಆದರೆ ನಾನೇನೂ ಹೇಳಲಿಲ್ಲವಲ್ಲ.”

ಹೌದೆಂದು ಜಟಕಾದವನು ತಲೆಯಾಡಿಸಿದ. ಆಮೇಲೆ ಬಾಗಿಲ ಬಳಿ ಬಿಟ್ಟಿದ್ದ ಗಾಡಿಯ ಮುಂದೆ, ಕುದುರೆ ನಿಲ್ಲುವ ಜಾಗದಲ್ಲಿ ತಾನೇ ನಿಂತು, ಅದನ್ನು ಮನೆಯವರೆಗೆ ಎಳೆದುಕೊಂಡು ಹೋದ.

ಗುರುಗಳು ಕತೆ ನಿಲ್ಲಿಸಿದರು.

“ಬುದ್ಧಿ, ಅವನು ಮಾತಾಡಿದಾಗಲೂ ಜಟಕಾದವನು ಕೆಟ್ಟ, ಸುಮ್ಮನಿದ್ದಾಗಲೂ ಕೆಟ್ಟ. ಹಾಗಾದರೆ ಅವನು ಮಾಡಬೇಕಾಗಿದ್ದದ್ದೇನು?” ಎಂದ ಮುರಿಗಯ್ಯ.

“ಅದಿರಲಿ. ತವರಿಗೆ ಬಂದ ಆ ಹುಡುಗಿಯನ್ನು ನೀನು ಒಮ್ಮೆಯಾದರೂ ಹೋಗಿ ಮಾತಾಡಿಸಿದೆಯಾ?” ಎಂದರು ಗುರುಗಳು.

ಮುರಿಗಯ್ಯ ಎದ್ದು ಆ ಹುಡುಗಿಯ ತವರಿನ ಕಡೆ ಹೊರಟ.