ತಾನಾಗಿ ಮೂಡಿದ ಅಕ್ಷರ

ನದಿಯ ದಂಡೆಯ ಆ ಆಶ್ರಮಕ್ಕೆ ಬರುವ ಮುಂಚೆ ಮಲ್ಲಿನಾಥ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಿದ್ದ. ಒಬ್ಬನೇ ಮಗ ಪ್ರಭು ಹನ್ನೆರಡನೆಯ ವಯಸ್ಸಿನಲ್ಲಿ ಮೆದುಳು ಜ್ವರ ಬಂದು ತೀರಿಕೊಂಡ. ಆಮೇಲೂ ಮಲ್ಲಿನಾಥ ವರ್ಷಗಟ್ಟಲೆ ತರಗತಿಗೆ ಹೋದ, ಬಂದ. ನಿವೃತ್ತಿಯಾದ ಕೂಡಲೇ ಹೆಂಡತಿ ಸುಮಂಗಲಾಗೆ ಒಂದು ಮಾತು ಹೇಳಿ ಇಲ್ಲಿಗೆ ಬಂದುಬಿಟ್ಟ.

ಬಂದವನು ಕಸ ಗುಡಿಸಿದ, ನೀರು ಹೊತ್ತ, ಧ್ಯಾನಕ್ಕೆ ಕೂತ. ಯಾರ ಹತ್ತಿರವೂ ಮಗನ ಮಾತು ಎತ್ತಲಿಲ್ಲ.

ಒಂದು ಬೆಳಿಗ್ಗೆ ಅವನು ಗುರು ಶಿವಾಂಬೆ ತಾಯಿಯ ಮುಂದೆ ಕೈಮುಗಿದು ನಿಂತು ಸನ್ಯಾಸ ದೀಕ್ಷೆ ಕೇಳಿದ.

"ಮನೆಯಲ್ಲಿ ಏನು ಬಿಟ್ಟು ಬಂದಿದ್ದೀಯ?" ಎಂದು ತಾಯಿ ಕೇಳಿದರು.

"ಏನೂ ಇಲ್ಲ ತಾಯಿ."

ತಾಯಿ ಅವನನ್ನೇ ನೋಡಿದರು.

"ಮಗನ ಕಂಪ್ಯೂಟರು ಒಂದಿದೆ," ಎಂದ. "ಹಳೇ ಕಾಲದ್ದು. ಅವನು ಹೋದ ಮೇಲೆ ಅಟ್ಟಕ್ಕೆ ಹಾಕಿದ್ದು. ಮತ್ತೆ ಮುಟ್ಟಿಲ್ಲ."

"ಅದನ್ನು ಇಲ್ಲಿಗೆ ತಾ. ಶುರು ಮಾಡು. ದೀಕ್ಷೆಯ ಮಾತು ಆಮೇಲೆ."

ಮಲ್ಲಿನಾಥ ಊರಿಗೆ ಹೋದ. ಸುಮಂಗಲಾ ಏಣಿ ಹಿಡಿದುಕೊಂಡಳು, ಅವನು ಅಟ್ಟ ಹತ್ತಿ ಪೆಟ್ಟಿಗೆ ಇಳಿಸಿದ. ಯಾಕೆ ಎಂದು ಅವಳು ಕೇಳಲಿಲ್ಲ. ಕಾಫಿ ಕೊಟ್ಟಳು. ಬಸ್ಸಿಗೆ ಹೊತ್ತಾಯಿತೆಂದು ಅವನು ನಿಂತೇ ಅರ್ಧ ಕುಡಿದು ಹೊರಟ.

ಈಗಿನವರು ನೋಡಿದರೆ ಅದನ್ನು ಕಂಪ್ಯೂಟರ್ ಎನ್ನುವುದಿಲ್ಲ. ದಪ್ಪನೆಯ ಒಂದು ಕೀಬೋರ್ಡು, ಅದರ ಹೊಟ್ಟೆಯಲ್ಲೇ ಎಲ್ಲವೂ. ಪಕ್ಕದಲ್ಲಿ ಕರೆಂಟಿನ ಒಂದು ಡಬ್ಬಿ. ಟೀವಿಗೆ ವೈರು ಸಿಕ್ಕಿಸಿದರೆ ಪರದೆಯ ಮೇಲೆ ಅಕ್ಷರಗಳು ಮೂಡುತ್ತಿದ್ದವು.

ಆಶ್ರಮದ ಹಳೆಯ ಟೀವಿಗೆ ಸಿಕ್ಕಿಸಿ ಮಲ್ಲಿನಾಥ ಸ್ವಿಚ್ಚು ಒತ್ತಿದ. ಪರದೆ ಕಪ್ಪಗೇ ಇತ್ತು. ಕರೆಂಟಿನ ಡಬ್ಬಿಯೊಳಗೆ ಪಟ್ ಎಂದಿತು. ಸುಟ್ಟ ವಾಸನೆ ಕೋಣೆಯೆಲ್ಲ ಹರಡಿತು. ಅವನು ಪ್ಲಗ್ಗು ಕಿತ್ತುಹಾಕಿ ಗೋಡೆಗೆ ಒರಗಿ ಕೂತುಬಿಟ್ಟ. ಮಗನ ವಸ್ತುವನ್ನು ನನ್ನ ಕೈಯಾರೆ ಸುಟ್ಟೆನಲ್ಲ ಎಂದುಕೊಂಡ.

ವಾಸನೆಗೆ ತಾಯಿ ಬಂದರು.

"ಎಷ್ಟು ದಿನದಿಂದ ಮಲಗಿತ್ತು ಇದು?"

"ಪ್ರಭು ಹೋದಾಗಿನಿಂದ."

"ಎಷ್ಟು ಹೊತ್ತಿನಲ್ಲಿ ಎಬ್ಬಿಸಲು ಹೋದೆ?"

ಮಲ್ಲಿನಾಥ ತಲೆ ತಗ್ಗಿಸಿದ. ಎಷ್ಟೋ ವರ್ಷ ಮೂಲೆಯಲ್ಲಿದ್ದ ಯಂತ್ರಕ್ಕೆ ಒಮ್ಮೆಲೇ ಕರೆಂಟು ಕೊಡಬಾರದು, ಮೊದಲು ಬಿಚ್ಚಿ ನೋಡಬೇಕು ಎಂದು ಹುಡುಗರಿಗೆ ಪಾಠ ಹೇಳಿದವನೇ ಅವನು. ಬಿಚ್ಚುವುದಕ್ಕೆ ಅವನಿಗೆ ಭಯವಾಗಿತ್ತು.

ಮರುದಿನ ಬಿಚ್ಚಿದ.

ಡಬ್ಬಿಯಲ್ಲಿ ಸುಟ್ಟಿದ್ದ ಬಿಡಿಭಾಗಗಳ ಬದಲು ಪೇಟೆಯಿಂದ ಹೊಸವನ್ನು ತಂದು ಬೆಸುಗೆ ಹಾಕಿದ. ಡಬ್ಬಿಯನ್ನು ಬೇರೆಯಾಗಿಟ್ಟು, ಕರೆಂಟು ಸರಿಯಾಗಿ ಬರುತ್ತಿದೆಯೇ ಎಂದು ಮೀಟರು ಹಿಡಿದು ನೋಡಿದ. ಕಂಪ್ಯೂಟರಿನೊಳಗಿನ ಚಿಪ್‌ಗಳ ಕಾಲುಗಳಿಗೆ ಹಸಿರು ಕಿಲುಬು ಹತ್ತಿತ್ತು. ಒಂದೊಂದನ್ನೇ ಎಬ್ಬಿಸಿ ಒರೆಸಿ ಮತ್ತೆ ಅದರ ಜಾಗಕ್ಕೆ ಕೂರಿಸಿದ. ಸ್ವಿಚ್ಚು ಒತ್ತಿದರೆ ಮತ್ತೆ ಕಪ್ಪು ಪರದೆ. ಮತ್ತೆ ಬಿಚ್ಚಿದ. ಮೈತುಂಬ ಸೊಳ್ಳೆ ಕಡಿತ, ಉರಿಯುವ ಕಣ್ಣು. ಊಟದ ಗಂಟೆ ಹೊಡೆದದ್ದೂ ಕೇಳಿಸುತ್ತಿರಲಿಲ್ಲ. ಕೊನೆಗೆ ಬೆಸುಗೆ ಬಿರುಕು ಬಿಟ್ಟ ಒಂದು ಜಾಗ ಕಣ್ಣಿಗೆ ಬಿತ್ತು. ಅದನ್ನು ಸರಿಮಾಡಿದ.

ಅಂದು ಮಧ್ಯಾಹ್ನ ಪರದೆ ಬೆಳಗಿತು.

ಅವನು ಕೈ ಹಿಂದಕ್ಕೆಳೆದುಕೊಂಡು ನೋಡುತ್ತ ಕೂತ. ಯಾರೂ ಒತ್ತದೆ ಪರದೆಯ ಮೇಲೆ ಒಂದು ಅಕ್ಷರ ಮೂಡಿತು. ಪಕ್ಕದಲ್ಲಿ ಅದೇ ಅಕ್ಷರ ಮತ್ತೊಂದು. ಸಾಲು ತುಂಬಿತು, ಕೆಳಗಿನ ಸಾಲೂ ತುಂಬತೊಡಗಿತು. ಯಂತ್ರ ಯಾರದೆಂದು ಅಷ್ಟರಲ್ಲಿ ಆಶ್ರಮಕ್ಕೆಲ್ಲ ಗೊತ್ತಾಗಿತ್ತು; ಬಾಗಿಲಲ್ಲಿ ನಿಂತಿದ್ದವರು ತೀರಿಹೋದ ಮಗು ಏನೋ ಹೇಳುತ್ತಿದೆ ಎಂದು ಪಿಸುಗುಟ್ಟಿದರು. ಮಲ್ಲಿನಾಥನ ಕಣ್ಣಿಂದ ನೀರು ಇಳಿಯಿತು. ಅವರ ಮಾತು ನಿಜವಿರಲಿ ಎಂದು ಅವನ ಜೀವ ಬೇಡುತ್ತಿತ್ತು.

ತಾಯಿ ಬಂದು ಅವನ ಪಕ್ಕ ಚಾಪೆಯ ಮೇಲೆ ಕೂತರು.

"ಮಗ ಕರೆಯುತ್ತಿದ್ದಾನಾ?"

ಮಲ್ಲಿನಾಥ ಕಣ್ಣು ಒರೆಸಿಕೊಂಡು ಕೀಬೋರ್ಡಿನ ಮೇಲೆ ಬಾಗಿ ನೋಡಿದ.

"ಇಲ್ಲ ತಾಯಿ," ಎಂದ ಕೊನೆಗೆ. "ಒಂದು ಕೀಲಿ ಸಿಕ್ಕಿಹಾಕಿಕೊಂಡಿದೆ. ಅಷ್ಟೇ."

"ಬಿಡಿಸು."

ಅವನು ಸ್ವಿಚ್ಚು ಆರಿಸಿ ಆ ಕೀಲಿಯನ್ನು ಮೇಲಕ್ಕೆತ್ತಿದ. ಅಡಿಯಲ್ಲಿ ಚಕ್ಕುಲಿಯ ಚೂರುಗಳಿದ್ದವು. ಕಪ್ಪಾಗಿ, ಕಲ್ಲಾಗಿದ್ದವು; ಒಂದರ ಮೇಲೆ ಇನ್ನೂ ಮುಳ್ಳು ಕಾಣುತ್ತಿತ್ತು. ಕೊನೆಯ ದೀಪಾವಳಿಗೆ ಪ್ರಭು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ತಿನ್ನುತ್ತಲೇ ಟೈಪು ಮಾಡುತ್ತಿದ್ದ. ಎಣ್ಣೆ ಕೈ ತಾಗಿಸಬೇಡವೋ ಎಂದರೆ ಚಡ್ಡಿಗೆ ಒರೆಸಿಕೊಂಡು ಮತ್ತೆ ಕೂರುತ್ತಿದ್ದ.

ಚೂರು ಬಳಿಯಲು ಹಿಡಿದಿದ್ದ ಬ್ರಶ್ಶನ್ನು ಮಲ್ಲಿನಾಥ ಕೆಳಗಿಟ್ಟ. ಅವನು ಬಿಕ್ಕಿ ಬಿಕ್ಕಿ ಅತ್ತ. ಮಗನನ್ನು ಮಣ್ಣು ಮಾಡಿದ ದಿನವೂ ಅವನು ಹಾಗೆ ಅತ್ತಿರಲಿಲ್ಲ.

ತಾಯಿ ಅವನನ್ನು ಸಮಾಧಾನ ಮಾಡಲಿಲ್ಲ. ಅಳು ನಿಲ್ಲುವವರೆಗೆ ಕೂತಿದ್ದು, ತಮ್ಮ ಅಂಗೈಯನ್ನು ಮುಂದೆ ಚಾಚಿದರು. ಅವನು ಚೂರುಗಳನ್ನು ಒಂದೂ ಬಿಡದೆ ಬಳಿದು ಅದರೊಳಗೆ ಹಾಕಿದ. ಕೀಲಿಯನ್ನು ಕೂರಿಸಿ ಮತ್ತೆ ಸ್ವಿಚ್ಚು ಒತ್ತಿದ.

ಖಾಲಿ ಪರದೆ. ಮೂಲೆಯಲ್ಲಿ ಒಂದು ಚಿಕ್ಕ ಚೌಕ ಹತ್ತುತ್ತ ಆರುತ್ತ ಇತ್ತು.

"ಶುರುವಾಯಿತು ತಾಯಿ," ಎಂದ. "ಆದರೆ ಇದರಲ್ಲಿ ಅವನು ಬರೆದದ್ದು ಏನೂ ಇಲ್ಲ. ಆರಿಸಿದರೆ ಇದು ಎಲ್ಲ ಮರೆಯುತ್ತದೆ. ಅವನು ದಿನಾ ಮೊದಲಿನಿಂದ ಟೈಪು ಮಾಡುತ್ತಿದ್ದ."

"ಅದು ನಿನಗೆ ಮೊದಲೇ ಗೊತ್ತಿತ್ತಲ್ಲ."

"ಗೊತ್ತಿತ್ತು."

ಸ್ವಲ್ಪ ಹೊತ್ತಿನ ಮೇಲೆ ಅವನು ಮೆಲ್ಲಗೆ ದೀಕ್ಷೆಯ ಮಾತು ತೆಗೆದ. ತಾಯಿ ತಮ್ಮ ಅಂಗೈಯಲ್ಲಿದ್ದ ಚೂರುಗಳನ್ನೇ ನೋಡುತ್ತಿದ್ದರು.

"ಈ ಚಕ್ಕುಲಿ ಒತ್ತಿದವರು ಯಾರು?"

"ಸುಮಂಗಲಾ. ನನ್ನ ಹೆಂಡತಿ."

"ಮಗ ಹೋದ ಮೇಲೆ ಅವಳು ಚಕ್ಕುಲಿ ಮಾಡಿದ್ದಾಳಾ?"

ಮಲ್ಲಿನಾಥ ನೆನಪು ಮಾಡಿಕೊಳ್ಳಲು ನೋಡಿದ. ಅಷ್ಟು ವರ್ಷದ ದೀಪಾವಳಿಗಳಲ್ಲಿ ಅಡುಗೆಮನೆ ಹೇಗಿತ್ತು, ಅವಳು ಎಲ್ಲಿ ಕೂತಿರುತ್ತಿದ್ದಳು, ಅತ್ತಿದ್ದಳೇ, ಒಂದೂ ಕಣ್ಣ ಮುಂದೆ ಬರಲಿಲ್ಲ.

"ಗೊತ್ತಿಲ್ಲ ತಾಯಿ."

ತಾಯಿ ಚೂರುಗಳನ್ನು ಅವನ ಅಂಗೈಗೆ ಹಾಕಿ, ಅವನ ಬೆರಳುಗಳನ್ನು ಮಡಿಸಿದರು.

"ಹೋಗಿ ಕೇಳು," ಎಂದರು. "ಕೇಳಿದ ಕೂಡಲೇ ಹೇಳಲಿಕ್ಕಿಲ್ಲ. ಹೇಳುವವರೆಗೆ ಅವಳ ಹತ್ತಿರ ಕೂತಿರು."