ಕಡಲಿಗೆ ಇಳಿದ ತಂಗಿ ಬಳ್ಳಿ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಕಡಲಿಗೆ ಉಕ್ಕಿ ಬರುವುದಷ್ಟೇ ಗೊತ್ತು, ಹಿಂದೆ ಸರಿಯುವುದು ಗೊತ್ತೇ ಇರಲಿಲ್ಲ. ಯಾವಾಗ ನೋಡು, ಭರತವೇ!

ದಡದ ಮರಳಲ್ಲಿ ಇಬ್ಬರು ಅಕ್ಕತಂಗಿಯರಿದ್ದರು, ಎರಡು ಹಸಿರು ಬಳ್ಳಿಗಳು. ಆಗ ಹೂವಿದ್ದದ್ದು ತಂಗಿಗೆ ಮಾತ್ರ, ನೇರಳೆ ಬಣ್ಣದ್ದು. ಅದರ ಮೇಲೆ ಅವಳಿಗೆ ಎಷ್ಟು ಜೀವ ಅಂತೀ! ಗಾಳಿ ಮುಟ್ಟಿದರೂ ಬೈಯುತ್ತಿದ್ದಳು.

ಒಂದು ಬೆಳಿಗ್ಗೆ ನೀರಂಚಿನಲ್ಲಿ ಅಳು ಕೇಳಿಸಿತು. ನೋಡಿದರೆ, ಉಗುರಿನಷ್ಟುದ್ದದ ಮೀನಿನ ಮರಿಗಳು.

"ಚಿಕ್ಕಮ್ಮಾ, ಬಂಡೆಯೆಲ್ಲ ಬೋಳು. ಅಡಗಲು ಒಂದು ಎಲೆಯೂ ಇಲ್ಲ. ಅಲೆ ನಮ್ಮನ್ನು ಕಲ್ಲಿಗೆ ಬಡಿಯುತ್ತದೆ. ನಿನ್ನೆ ಇದ್ದವರು ಇವತ್ತಿಲ್ಲ."

ತಂಗಿ ಅಕ್ಕನ ಕಡೆ ತಿರುಗಿದಳು. "ಅಕ್ಕಾ, ನಾನು ಹೋಗ್ತೇನೆ."

"ತಲೆ ಕೆಟ್ಟಿದೆಯೇನೇ ನಿನಗೆ! ಉಪ್ಪುನೀರಿಗೆ ಇಳಿದವಳು ತಿರುಗಿ ಬರ್ತಾಳೇನೇ?" ಅಕ್ಕ ಬೈದಳು, ಅತ್ತಳು, ಮತ್ತೆ ಬೈದಳು. ತಂಗಿ ಜಗ್ಗಲಿಲ್ಲ.

ಹೊರಟು ನಿಂತ ಹೆಣ್ಣನ್ನು ಬರಿಗೈಲಿ ಕಳಿಸಬಾರದಲ್ಲ? ಅಕ್ಕ ಇಬ್ಬನಿಯ ಹನಿಗಳಿಗೆ ತನ್ನ ಹಸಿರು ಹಚ್ಚಿ, ಮಣಿ ಮಾಡಿ, ತಂಗಿಯ ಉಡಿ ತುಂಬಿದಳು. ಉಡಿ ತುಂಬಿಸಿಕೊಂಡವಳು ಅದರಲ್ಲೇ ಒಂದು ಹಿಡಿ ತವರಿನಲ್ಲಿ ಬಿಟ್ಟು ಹೋಗಬೇಕು, ಅದು ಪದ್ಧತಿ. ಮರಿಗಳ ಕೂಗಿಗೆ ಗಡಿಬಿಡಿಯಾಗಿ ತಂಗಿ ಮರೆತೇಬಿಟ್ಟಳು.

ನೆನಪಾದಾಗ ನೀರು ಸೊಂಟದವರೆಗೆ ಬಂದಿತ್ತು. ಉಡಿ ಬಿಚ್ಚುವಂತಿಲ್ಲ, ಬಿಚ್ಚಿದರೆ ಮಣಿಯೆಲ್ಲ ಅಲೆಯ ಪಾಲು. ಅಯ್ಯೋ, ತವರು ಬರಿದಾಗಬಾರದು! ತನ್ನ ಹೂವನ್ನೇ ಕಿತ್ತು ಅಕ್ಕನ ಮಡಿಲಿಗೆ ಎಸೆದಳು.

ಆಮೇಲೆ ಬಂಡೆಯ ಮೇಲೆ ಹಬ್ಬಿದಳು, ಬೇರುಬೇರಿನಲ್ಲೂ ಕಚ್ಚಿ ಹಿಡಿದಳು. ಉಡಿಯ ಮಣಿಗಳು ಮೈಗೇ ಅಂಟಿ ಗೊಂಚಲಾದವು, ಮರಿಗಳು ಅವುಗಳ ನಡುವೆ ನುಸುಳಿದವು. ತೆಂಗಿನ ಮರದೆತ್ತರದ ಅಲೆ ಬಂದು ಅಪ್ಪಳಿಸಿತು. ಒಂದು ಮರಿಯೂ ಕದಲಲಿಲ್ಲ.

ಕಡಲೇ ಬೆರಗಾಯಿತು. "ನನ್ನ ಏಟಿಗೆ ಬಂಡೆಯೇ ಸವೆಯುತ್ತದೆ. ಯಾರಮ್ಮಾ ನೀನು?"

"ಈ ಮರಿಗಳ ಚಿಕ್ಕಮ್ಮ."

"ಏನು ಬೇಕು, ಕೇಳು."

"ಒಂದು ಸಲ ಅಕ್ಕನ ಮುಖ ನೋಡಬೇಕು."

ಲೋಕ ಹುಟ್ಟಿದ ಮೇಲೆ ಮೊದಲ ಬಾರಿಗೆ, ಅಷ್ಟು ದೊಡ್ಡ ಕಡಲು ಮೆಲ್ಲಗೆ ಹಿಂದೆ ಹೆಜ್ಜೆ ಇಟ್ಟಿತು. ಗಾಳಿ ನಿಂತಿತು. ಕಡಲಹಕ್ಕಿಗಳು ಕೂಗು ನಿಲ್ಲಿಸಿದವು. ಎಂದೂ ಬಿಸಿಲು ಕಾಣದ ಬಂಡೆಗಳು ಒಂದೊಂದಾಗಿ ಮೇಲೆದ್ದವು.

ಮರಳಲ್ಲಿ ಅಕ್ಕ ನಿಂತಿದ್ದಳು. ಮಡಿಲಿಗೆ ಬಿದ್ದ ಹೂವು ಅವಳಲ್ಲೇ ಬೇರೂರಿ ಮೈತುಂಬ ಅರಳಿತ್ತು.

"ಬಂದೆಯೇನೇ, ತಂಗೀ!"

ಇವತ್ತಿಗೂ ಕಡಲು ದಿನಕ್ಕೆ ಎರಡು ಸಲ ಹಿಂದೆ ಸರಿಯುತ್ತದೆ. ಇಳಿತದ ಹೊತ್ತಿಗೆ ಬಂಡೆಯ ಮೇಲೆ ಹಬ್ಬಿದ, ಪುಟ್ಟ ದ್ರಾಕ್ಷಿಗೊಂಚಲಿನಂಥ ಹಸಿರು ಪಾಚಿ ಕಂಡರೆ, ಅದರಲ್ಲಿ ಹೂ ಹುಡುಕಬೇಡ ಮಗೂ. ತಿರುಗಿ ಮರಳದಿಬ್ಬದ ಮೇಲೆ ಹಬ್ಬಿದ ಬಂಗಡೆ ಬಳ್ಳಿಯನ್ನು, ಆ ಅಕ್ಕನನ್ನು ನೋಡು, ಹೂವು ಅಲ್ಲಿದೆ.