ನಾಗಭೂಷಣನ ಲಾಗಿನ್

ಪರೀಕ್ಷೆಗೆ ಓದುವವನಿಗೆ ಏಕಾಂತ ಬೇಕು ಅನ್ನುತ್ತಾರೆ. ಹಾಲೇಶನಿಗೆ ಏಕಾಂತದ ಕೊರತೆಯೇನೂ ಇರಲಿಲ್ಲ. ಬಾಡಿಗೆ ಕೋಣೆಯಲ್ಲಿ ಕೂತರೆ ಒಂದು ಮಾತೂ ಆಡದೆ ದಿನ ಕಳೆದುಹೋಗುತ್ತಿತ್ತು. ಅದು ಸಾಕಾಗಿಯೇ ರಜೆ ಹಾಕಿ, ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು ಹೊಳೆದಂಡೆಯ ಆಶ್ರಮಕ್ಕೆ ಬಂದ.

ಅಲ್ಲಿದ್ದವರು ಇಬ್ಬರೇ ಮುದುಕರು. ಗುರುಗಳು, ಮತ್ತು ಅವರ ಜೊತೆ ಒಂದೇ ಒಲೆಯ ಅನ್ನ ಉಂಡು ಆಯುಸ್ಸು ಕಳೆದ ಚೆನ್ನಬಸಯ್ಯ.

"ಏನು ಪರೀಕ್ಷೆ?" ಗುರುಗಳು ಕೇಳಿದರು.

"ಐಟಿ ಗವರ್ನೆನ್ಸ್ ಅಂತ, ಗುರುಗಳೇ. ಕಂಪ್ಯೂಟರ್ ನಡೆಸೋದಲ್ಲ. ನಡೆಸೋರು ಸರಿಯಾಗಿ ನಡೆಸ್ತಾ ಇದ್ದಾರಾ, ಯಾವುದಕ್ಕೆ ಯಾರು ಹೊಣೆ, ಅದನ್ನ ನೋಡೋದು."

"ಅತ್ತೆ ಕೆಲಸ ಅನ್ನು."

ಹಾಲೇಶ ನಕ್ಕ. ನಕ್ಕು ಬಹಳ ದಿನವಾಗಿತ್ತು.

ಗುರುಗಳು ಹಿಂದೆ ಇಂಗ್ಲಿಷ್ ಮೇಷ್ಟರಾಗಿದ್ದವರು. ಸಂಜೆ ಹೊತ್ತು ಜಗಲಿಯಲ್ಲಿ ಕೂತು ಪುಸ್ತಕದ ಪ್ರಶ್ನೆಗಳನ್ನು ಅವರೇ ಓದಿ, ಕನ್ನಡ ಮಾಡಿ ಕೇಳತೊಡಗಿದರು. ಅರ್ಥವಾಗದ ಪದ ಬಂದರೆ ಮಂತ್ರದ ಹಾಗೆ ಗಂಭೀರವಾಗಿ ಹೇಳಿ ಮುಂದೆ ಹೋಗುತ್ತಿದ್ದರು. ಹಾಲೇಶನ ಉತ್ತರ ಎಲ್ಲೂ ತಪ್ಪುತ್ತಿರಲಿಲ್ಲ.

ಒಂದು ಸಂಜೆ ಕೇಳಿದರು: "ಕೆಲಸಗಾರನೊಬ್ಬ ಸಂಸ್ಥೆ ಬಿಟ್ಟು ಹೋದರೆ ಅವನ ಲಾಗಿನ್ ಯಾವಾಗ ಮುಚ್ಚಬೇಕು?"

ಹಾಲೇಶ ಹೊಳೆಯ ಕಡೆ ಮುಖ ತಿರುಗಿಸಿದ.

"ಗೊತ್ತಿಲ್ಲವಾ?"

"ಗೊತ್ತು. ಅವತ್ತೇ ಮುಚ್ಚಬೇಕು. ಹಾಗೇ ಬಿಟ್ಟರೆ ಅವನ ಹೆಸರಲ್ಲಿ ಯಾರು ಬೇಕಾದರೂ ಒಳಗೆ ನುಗ್ಗಬಹುದು."

"ಮತ್ತೆ ಹೇಳೋಕೆ ಏನು ಕಷ್ಟ?"

"ಈ ಪರೀಕ್ಷೆ ನಾನು ಬರೆಯೋದಿಲ್ಲ, ಗುರುಗಳೇ."

ಆಮೇಲೆ ಹೇಳಿದ. ಕಚೇರಿಯಲ್ಲಿ ಅವನ ಪಕ್ಕದ ಮೇಜು ನಾಗಭೂಷಣನದು. ಇಬ್ಬರೂ ಕೂಡಿ ಈ ಪರೀಕ್ಷೆ ಕಟ್ಟೋಣ ಎಂದು ಪುಸ್ತಕ ತಂದವನೂ ಅವನೇ. ಹೋದ ದೀಪಾವಳಿಗೆ ಊರಿಗೆ ಹೊರಟವನು ದಾರಿಯಲ್ಲಿ ಅಪಘಾತವಾಗಿ ತೀರಿಕೊಂಡ. ಅವನ ಲಾಗಿನ್ ಮುಚ್ಚುವುದು ಹಾಲೇಶನ ಕೆಲಸ. ಹಾಲೇಶ ಮುಚ್ಚಲಿಲ್ಲ. ಮುಚ್ಚಿದ್ದೇನೆ ಎಂದು ಮೇಲಿನವರಿಗೆ ಸುಳ್ಳು ಹೇಳಿದ.

"ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ನಮ್ಮವರ ಹೆಸರೆಲ್ಲ ಬರುತ್ತೆ. ಅದರಲ್ಲಿ ಅವನದೂ ಇರುತ್ತೆ. ಅವನ ಮೇಜಿಗೆ ಬೇರೆಯವರು ಬಂದರು. ಅವನ ಟೀ ಲೋಟ ಯಾರೋ ಎಸೆದರು. ಅವನು ಇದ್ದ ಅನ್ನೋದಕ್ಕೆ ಅಲ್ಲಿ ಉಳಿದಿರೋದು ಅದೊಂದೇ."

"ನನ್ನ ಕೈಲಾಗೋದಿಲ್ಲ ಅಂತ ನೀನು ಅಂದಿದ್ದರೆ ಬೇರೆ ಯಾರಾದರೂ ಮುಚ್ಚುತ್ತಿದ್ದರಲ್ಲ?"

"ಯಾರ ಹತ್ತಿರ ಅನ್ನಲಿ? ಹಾಗೆ ಹೇಳಿಕೊಳ್ಳೋಕೆ ಇದ್ದವನು ಅವನೊಬ್ಬನೇ."

ಗುರುಗಳು ಪುಸ್ತಕ ಮಡಿಚಿದರು.

"ಈಗ ಮುಚ್ಚಿದರೆ ಸುಳ್ಳು ಹೇಳಿದ್ದನ್ನೂ ಒಪ್ಪಿಕೊಳ್ಳಬೇಕು," ಎಂದ ಹಾಲೇಶ. "ಕೆಲಸ ಹೋದರೆ ಹೋಗಲಿ, ಅದರ ಚಿಂತೆ ಅಷ್ಟಿಲ್ಲ. ಅವನನ್ನ ನನ್ನ ಕೈಯಾರೆ ಹೊರಗೆ ಹಾಕಿದ ಹಾಗಾಗುತ್ತೆ. ಮುಚ್ಚದೇ ಇದ್ದರೆ, ಇನ್ನೊಬ್ಬರ ಹೊಣೆ ನೋಡೋ ಪರೀಕ್ಷೆ ಯಾವ ಮುಖ ಇಟ್ಟುಕೊಂಡು ಬರೀಲಿ?"

ಗುರುಗಳು ಒಂದು ಸಮಾಧಾನದ ಮಾತನ್ನೂ ಆಡಲಿಲ್ಲ. ಎದ್ದು ಒಳಗೆ ಹೋಗಿ ಚೆನ್ನಬಸಯ್ಯನ ಬಟ್ಟೆ ಮಡಿಸತೊಡಗಿದರು. ಹಾಲೇಶನಿಗೆ ಬಹಳ ನೋವಾಯಿತು. ಇಲ್ಲಿಗೂ ಬಂದು ಒಂಟಿಯೇ ಆದೆನಲ್ಲ ಅನ್ನಿಸಿತು.

ಮರುದಿನ ಚೆನ್ನಬಸಯ್ಯ ಆಶ್ರಮ ಬಿಟ್ಟು ಹೊರಟರು. ಅವರ ಕಣ್ಣು ಪೂರ್ತಿ ಹೋಗಿತ್ತು. ನೋಡಿಕೊಳ್ಳುತ್ತೇನೆಂದು ತಂಗಿಯ ಮಗಳು ಆಟೋ ತಂದಿದ್ದಳು. ಅವರು ತಿರುಗಿ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

"ಬರ್ತೀನಿ," ಎಂದರು ಚೆನ್ನಬಸಯ್ಯ. ಹೊರಡುವಾಗ ಹೋಗ್ತೀನಿ ಅನ್ನಬಾರದಲ್ಲ.

"ಹೂಂ, ಬಾ," ಎಂದರು ಗುರುಗಳು.

ಆಟೋ ಹೊರಟಿತು. ಹಾಲೇಶ ಹೆಬ್ಬಾಗಿಲು ಎಳೆಯಲು ಹೋದ. ಗುರುಗಳು ಅವನ ಕೈ ಹಿಡಿದರು.

"ಹೋಗೋರ ಬೆನ್ನಿಗೇ ಬಾಗಿಲು ಹಾಕಬಾರದು. ನಿಲ್ಲು."

ಇಬ್ಬರೂ ನಿಂತರು. ಆಟೋ ಹೊಳೆಯ ತಿರುವಿನಲ್ಲಿ ಮರೆಯಾಯಿತು. ಸ್ವಲ್ಪ ಹೊತ್ತಿಗೆ ಸದ್ದೂ ಅಡಗಿತು. ಗುರುಗಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಹಾಲೇಶನಿಗೂ ಅಳು ಬಂತು. ನಾಗಭೂಷಣ ಸತ್ತ ಮೇಲೆ ಅವನು ಅತ್ತಿದ್ದು ಅದೇ ಮೊದಲು.

ಹಾಗೇ ನಿಂತಿದ್ದು, ಕೊನೆಗೆ ಗುರುಗಳು ತಾವೇ ಬಾಗಿಲು ಎಳೆದು ಅಗುಳಿ ಹಾಕಿದರು.

"ಅಷ್ಟು ವರ್ಷದ ಜೊತೆ," ಎಂದ ಹಾಲೇಶ. "ಅಗುಳಿ ಹಾಕೋಕೆ ನಿಮಗೆ ಕೈ ಹೇಗೆ ಬಂತು?"

"ಬರಲಿಲ್ಲ. ಆದರೂ ಹಾಕಿದೆ."

"ಹಾಕಲೇಬೇಕಾ, ಗುರುಗಳೇ?"

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟರು.

"ತೆರೆದಿಟ್ಟರೆ ಯಾರು ಬೇಕಾದರೂ ನುಗ್ಗಬಹುದು. ಒಳಗೆ ನೀನಿದ್ದೀಯಲ್ಲಪ್ಪ."